ಅಲುಗಾಡದ ಮಂಚ

ಬಾಡಿಗೆಗೆ ನೋಡಲು ಬಂದಿದ್ದ ಆ ಕೋಣೆಯಲ್ಲಿ ಏನೇನು ಕೇಳಿಸುತ್ತದೆ ಎಂದು ಮಾನ್‌ಲಿಂಗ್ ನಿಂತು ಕಿವಿಗೊಟ್ಟಳು. ಗಂಡ ಬೋಯೆನ್ ನೀರಿನ ನಲ್ಲಿ ತಿರುಗಿಸಿ ನೋಡುತ್ತಿದ್ದ, ಕಿಟಕಿಯ ಚಿಲಕ ಎಳೆದು ನೋಡುತ್ತಿದ್ದ, ಬಚ್ಚಲಿನ ಗೋಡೆಗೆ ಮೂಗು ಹಿಡಿದು ತೇವದ ವಾಸನೆ ಇದೆಯೇ ಎಂದು ಪರೀಕ್ಷಿಸುತ್ತಿದ್ದ. ಅದೆಲ್ಲ ಅವನ ಕೆಲಸ. ಅವಳಿಗೆ ಸದ್ದು ಬೇಕಿತ್ತು. ಐದು ಮಹಡಿ ಕೆಳಗೆ ಯುಂಗ್‌ಹೋದ ಗಲ್ಲಿಯಲ್ಲಿ ಸ್ಕೂಟರೊಂದು ಕೆಮ್ಮಿ ನಿಂತಿತು. ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ರಜಾಯಿ ಬಡಿಯುತ್ತಿದ್ದರು. ಅದರಾಚೆ ನದಿಯ ಕಡೆಯಿಂದ ಸೇತುವೆಯ ಮೇಲಿನ ವಾಹನಗಳದು ಒಂದೇ ಸಮನೆ ಮೊರೆತ. ಕಣ್ಣು ಮುಚ್ಚಿಕೊಂಡರೆ ತಮ್ಮೂರು ತೈತುಂಗಿನ ಕಡಲು ಅನ್ನಬಹುದಿತ್ತು. ಹಾಗೆ ಅಂದುಕೊಳ್ಳಬಾರದು ಎಂದು ಕಣ್ಣು ಬಿಟ್ಟಳು. ತೋಳಿನಲ್ಲಿ ಮಗಳು ಯೂಯೂ ನಿದ್ದೆಯಲ್ಲಿ ಬೆಚ್ಚಿ ಕೈ ಎತ್ತಿ ಇಳಿಸಿತು. ಚಕ್ಕೋತ ಹಣ್ಣಾಗುವ ಕಾಲದಲ್ಲಿ ಹುಟ್ಟಿದ್ದಕ್ಕೆ ಆ ಹಣ್ಣಿನ ಹೆಸರನ್ನೇ ಮುದ್ದಿಗೆ ಇಟ್ಟಿದ್ದರು. ಈಗ ಎಂಟು ತಿಂಗಳು. ಸೊಂಟದಿಂದ ಹಿಮ್ಮಡಿಯವರೆಗೆ ಬಿಳಿಯ ಪ್ಲಾಸ್ಟರು. ಎರಡು ಕಾಲನ್ನೂ ಕಪ್ಪೆಯ ಕಾಲಿನಂತೆ ಅಗಲಿಸಿ, ಹಾಗೇ ನಿಲ್ಲಲಿ ಎಂದು ನಡುವೆ ಅಡ್ಡಕ್ಕೆ ಒಂದು ಕೋಲು ಕೂರಿಸಿದ್ದರು. ಸೊಂಟದ ಕೀಲು ಹುಟ್ಟುವಾಗಲೇ ಗುಣಿಯಲ್ಲಿ ಕೂತಿರಲಿಲ್ಲವಂತೆ. ಇನ್ನು ಒಂದು ವರ್ಷವಾದರೂ ತೈಪೆಯ ದೊಡ್ಡ ಆಸ್ಪತ್ರೆಗೆ ಮತ್ತೆ ಮತ್ತೆ ಬರಬೇಕು, ಈ ಪ್ಲಾಸ್ಟರು ಹೊತ್ತುಕೊಂಡು ಅಷ್ಟು ದೂರದಿಂದ ರೈಲಿನಲ್ಲಿ ಓಡಾಡಿಸಬೇಡಿ, ಇಲ್ಲೇ ಎಲ್ಲಾದರೂ ಮನೆ ಮಾಡಿ ಎಂದು ವೈದ್ಯರು ಹೇಳಿದ್ದರು. ಎಲ್ಲಾದರೂ ಎಂದಷ್ಟೇ ಹೇಳಿದ್ದರು. ಎಲ್ಲಿ ಎನ್ನುವುದನ್ನು ಇವತ್ತು ಸಂಜೆಯೊಳಗೆ ಇವರೇ ತೀರ್ಮಾನಿಸಬೇಕಾಗಿತ್ತು. ಸಂಜೆಯ ರೈಲಿಗೆ ಬೋಯೆನ್ ತೈತುಂಗಿನ ಅಕ್ಕಿ ಗಿರಣಿಯ ಕೆಲಸಕ್ಕೆ ವಾಪಸು. ನಾಳೆಯಿಂದ ಅವಳೂ ಮಗುವೂ ಇಬ್ಬರೇ.

"ಈ ಮಂಚ ಏನು ಹಿಂಗಿದೆ?" ಎಂದು ಬೋಯೆನ್ ಕೇಳಿದ. ಕಿಟಕಿಯ ಕೆಳಗೆ ಗೋಡೆಯಿಂದ ಗೋಡೆಗೆ ಮರದ ಒಂದು ಜಗಲಿ. ಅದರ ಮೇಲೆ ಚಾಪೆ, ಹಾಸಿಗೆ. ಮನೆಯೊಡತಿ ಲಿಯಾವ್ ಬಾಗಿಲಿಗೆ ಒರಗಿ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದಳು. "ನಮ್ಮಪ್ಪ ಕಟ್ಟಿಸಿದ್ದು. ಗೋಡೆಗೇ ಸೇರಿಸಿ ಹೊಡೆದುಬಿಟ್ಟಿದ್ದಾರೆ. ನೀವು ತಿಪ್ಪರಲಾಗ ಹಾಕಿದ್ರೂ ಅಲುಗಾಡಲ್ಲ. ಬೇಡ ಅನ್ಸಿದ್ರೆ ಗೋಡೇನೇ ಕೀಳ್ಬೇಕು, ಅದಕ್ಕೆ ನಾನು ಬಿಡಲ್ಲ" ಎಂದಳು. ಆಮೇಲೆ ಮಗುವಿನ ಕಡೆ ಗದ್ದ ಎತ್ತಿ ತೋರಿಸಿ, "ಅಳತ್ತಾ?" ಎಂದಳು. ಮಾನ್‌ಲಿಂಗ್‌ಳ ಬೆನ್ನು ತಾನಾಗಿಯೇ ಬಾಗಿತು. ಬೆಳಗ್ಗೆ ಆಸ್ಪತ್ರೆಯ ಪಕ್ಕದ ಲಿಫ್ಟಿನ ಕಟ್ಟಡದಲ್ಲೂ ಇದನ್ನೇ ಕೇಳಿದ್ದರು. ಅಲ್ಲಿಯ ಯಜಮಾನ ಬಾಗಿಲಲ್ಲೇ ಕಾಲಿಗೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಚೀಲ ಕೊಟ್ಟಿದ್ದ, ಮರದ ನೆಲ ನೋಡಿ ಎಂದಿದ್ದ, ಪ್ಲಾಸ್ಟರಿನ ಅಂಚಿನಲ್ಲಿ ಉಚ್ಚೆ ತಗಲಿ ಹಳದಿಗಟ್ಟಿದ್ದ ಕಡೆ ನೋಡಿ ಮೂಗಿಗೆ ಕೈ ಒಯ್ದವನು ನಡುದಾರಿಯಲ್ಲಿ ಕನ್ನಡಕ ಸರಿಮಾಡಿಕೊಂಡಂತೆ ನಟಿಸಿದ್ದ. ಅವಳು ಅಲ್ಲಿ ಸುಳ್ಳು ಹೇಳಿದ್ದಳು, ಇಲ್ಲ, ಇದು ಅಳುವ ಮಗುವೇ ಅಲ್ಲ ಎಂದು; ಹೇಳುತ್ತಿದ್ದಾಗಲೇ ಯೂಯೂ ಕಿರುಚಿಕೊಂಡಿತ್ತು. ಫೋನು ಮಾಡುತ್ತೇನೆ ಎಂದು ಆತ ಬಾಗಿಲು ಹಾಕಿಕೊಂಡಿದ್ದ. "ಅಳತ್ತೆ. ರಾತ್ರಿ ಜಾಸ್ತಿ" ಎಂದಳು ಈಗ. ಲಿಯಾವ್ ಸಿಪ್ಪೆಯನ್ನು ಅಂಗೈಗೆ ಉಗಿದುಕೊಂಡಳು. "ಅಳ್ಲಿ ಬಿಡು. ಕೆಳಗಿನ ಮನೆಯೋನು ತುತ್ತೂರಿ ಕಲೀತಾನೆ. ಯಾರು ಸೋಲ್ತಾರೋ ನೋಡೋಣ."

ಬೋಯೆನ್ ನಕ್ಕ. ಮೆಟ್ಟಿಲಿಳಿಯುವಾಗ ಮಾತ್ರ ನಗಲಿಲ್ಲ. ಇಕ್ಕಟ್ಟಾದ ಮೆಟ್ಟಿಲು, ಪ್ರತಿ ಬಾಗಿಲ ಮುಂದೂ ಚಪ್ಪಲಿಯ ಗೂಡು, ಮಡಚಿದ ಛತ್ರಿ, ಹಳೆಯ ಹೆಲ್ಮೆಟ್ಟು. ಮಗುವಿನ ಅಗಲಿಸಿದ ಕಾಲು ತಗಲದಂತೆ ಅವಳು ಅಡ್ಡಡ್ಡ ಹೆಜ್ಜೆ ಇಡುತ್ತ ಇಳಿಯಬೇಕಾಗಿತ್ತು. "ದಿನಾ ಹಿಂಗೆ ಹತ್ತಿ ಇಳೀತೀಯಾ? ನೀನು ಬಿದ್ರೆ? ಮನೆಯೇನೋ ಚೆನ್ನಾಗಿದೆ, ಅದು ಬೇರೆ ಮಾತು" ಎಂದ. ಅವನ ಮಾತು ಸರಿ ಎಂದು ಅವಳಿಗೂ ಗೊತ್ತಿತ್ತು. ಅವನು ಹೇಳುವುದು ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು; ಅದಕ್ಕೇ ಅವನೊಡನೆ ಜಗಳ ಆಡಲು ಆಗುತ್ತಿರಲಿಲ್ಲ.

ಸೇತುವೆ ದಾಟಿ, ಬೋಯೆನ್‌ನ ದೊಡ್ಡಮ್ಮನ ಮನೆಯಿದ್ದ ವಾನ್‌ಹ್ವಾಕ್ಕೆ ಬರುವಾಗ ಬಸ್ಸಿನಲ್ಲಿ ಒಬ್ಬ ಮುದುಕ ಎದ್ದು ಜಾಗ ಬಿಟ್ಟುಕೊಟ್ಟ, ಕೊಟ್ಟ ಮೇಲೆ ಬಗ್ಗಿ, "ಬೀಳಿಸಿಬಿಟ್ರಾ?" ಎಂದು ಕೇಳಿದ. ಇಲ್ಲ ತಾತ, ಹುಟ್ಟಿದ್ದೇ ಹೀಗೆ. ಹಾಗೆ ಹೇಳಿದಾಗಲೆಲ್ಲ ಜನರ ಕಣ್ಣು ಮಗುವಿನಿಂದ ಎದ್ದು ಅವಳ ಹೊಟ್ಟೆಯ ಕಡೆ ಒಮ್ಮೆ ಹೋಗಿ ಬರುತ್ತಿತ್ತು. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಕತ್ತರಿಯಲ್ಲಿ ಹಾಸಿಗೆಯ ಮೇಲೆ ಬಟ್ಟೆ ಕತ್ತರಿಸಬಾರದು, ಮಂಚ ಎಳೆಯಬಾರದು. ಹೊಟ್ಟೆಯಲ್ಲಿರುವ ಕೂಸನ್ನು ಕಾಯುವ ದೇವತೆ ಮನೆಯ ಒಂದೊಂದು ಸಾಮಾನಿನಲ್ಲಿ ಒಂದೊಂದು ದಿನ ಕೂತಿರುತ್ತದೆ, ಅದಕ್ಕೆ ಪೆಟ್ಟಾದರೆ ಕೂಸಿಗೆ ಪೆಟ್ಟು. ಇದನ್ನು ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳು ನಕ್ಕುಬಿಡುತ್ತಿದ್ದಳು. ನಕ್ಕೇ ಇದ್ದಳು ಕೂಡ. ಏಳು ತಿಂಗಳ ಬಸುರಿನಲ್ಲಿ ಸೆಕೆ ತಾಳದೆ, ಬೋಯೆನ್ ಗಿರಣಿಗೆ ಹೋಗಿದ್ದ ಮಧ್ಯಾಹ್ನ, ಕಡಲ ಗಾಳಿ ಬರಲೆಂದು ಮಂಚವನ್ನು ಕಿಟಕಿಯ ಬುಡಕ್ಕೆ ಎಳೆದಳು. ಸ್ವಲ್ಪವೇ ದೂರ. ಮಂಚದ ಕಾಲು ನೆಲದ ಮೇಲೆ ಉದ್ದಕ್ಕೆ ಒಂದು ಸದ್ದು ಮಾಡಿತು. ಆ ಸಂಜೆ ಮಲಗಿ ಅಲೆಗಳನ್ನು ಕೇಳುತ್ತ ಅವಳಿಗೆ ಸುಖವಾಗಿತ್ತು. ಅದೊಂದೇ ಈಗ ಅವಳಿಗೆ ಸಹಿಸಲಾಗದ ನೆನಪು, ಆ ಸುಖ. ತಿಂಗಳುಗಳ ಮೇಲೆ ವೈದ್ಯರು ಮಗುವಿನ ಸೊಂಟದ ಕೀಲಿನ ಚಿತ್ರ ತೋರಿಸಿ ಹೇಳಿದ ದಿನ, ಅತ್ತೆ ಅಡುಗೆಮನೆಯಲ್ಲಿ ಶುಂಠಿ ಹೆಚ್ಚುತ್ತಿದ್ದವರು ತಲೆ ಎತ್ತದೆ, "ಮಂಚ ಎಳೆದ ಸದ್ದು ನನಗೆ ಅವತ್ತೇ ಕೇಳಿಸ್ತು" ಎಂದರು. ಅಷ್ಟೇ. ಬೈಯಲಿಲ್ಲ, ಮತ್ತೆಂದೂ ಎತ್ತಲಿಲ್ಲ. ಅವಳ ತಟ್ಟೆಗೆ ಮೀನಿನ ಒಳ್ಳೆಯ ಭಾಗವನ್ನೇ ಬಡಿಸುತ್ತಿದ್ದರು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವೈದ್ಯರು ಹೇಳಬಹುದಿತ್ತು. ಕೇಳಬೇಕಲ್ಲ, ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ದೊಡ್ಡಮ್ಮನ ಮನೆ ವಾನ್‌ಹ್ವಾದ ಗಿಡಮೂಲಿಕೆ ಅಂಗಡಿಗಳ ಗಲ್ಲಿಯಲ್ಲಿ, ನೆಲಮಟ್ಟಕ್ಕೇ. ಬೋಯೆನ್‌ನ ತಾಯಿಯ ಅಕ್ಕ; ಗಂಡ ಹೋದ ಮೇಲೆ ಒಬ್ಬರೇ. ಬಾಗಿಲಲ್ಲೇ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡರು. "ಅಯ್ಯೋ ನನ್ನ ಕಲ್ಲು ಚಕ್ಕೋತ! ಎಷ್ಟು ಭಾರ ಆಗಿದ್ದೀಯೇ! ಏನು ಬೋಯೆನ್, ನೀನು ಒಣಗಿಹೋಗಿದ್ದೀಯ, ಇವಳೂ ಒಣಗಿಹೋಗಿದ್ದಾಳೆ, ತಿಂದಿದ್ದೆಲ್ಲ ಈ ಪ್ಲಾಸ್ಟರೇ ತಿಂತಿದೆಯೋ ಏನು." ಮೇಜಿನ ತುಂಬ ಅಡುಗೆ: ಎಳ್ಳೆಣ್ಣೆಯ ಕೋಳಿ, ಮೀನಿನ ಸಾರು, ಹೆರೆದ ಮೂಲಂಗಿಯ ದೋಸೆ. ದೊಡ್ಡಮ್ಮ ಮೀನಿನ ಕೆನ್ನೆಯ ಮಾಂಸವನ್ನು ಊಟದ ಕಡ್ಡಿಗಳಿಂದ ಬಿಡಿಸಿ ಮಾನ್‌ಲಿಂಗ್‌ಳ ಬಟ್ಟಲಿಗೆ ಹಾಕಿದರು, ಊರಿನಲ್ಲಿ ಅತ್ತೆ ಹಾಕುತ್ತಿದ್ದ ಹಾಗೆಯೇ, ಅದೇ ಮಣಿಕಟ್ಟಿನ ತಿರುವು. ಊಟದ ನಡುವೆ ಅತ್ತೆಯ ಫೋನು ಬಂತು. "ಬಂದ್ರು ಕಣೆ, ತಿಂತಿದ್ದಾರೆ. ಹ್ಞೂಂ, ಮಗು ನನ್ನ ತೊಡೆ ಮೇಲಿದೆ. ಇವಳಾ? ತಿಂತಾಳೆ, ನಿಧಾನ. ನೀನು ಚಿಂತೆ ಮಾಡ್ಬೇಡ, ದಿನಾ ನಾನೇ ಫೋನ್ ಮಾಡಿ ಹೇಳ್ತೀನಲ್ಲ." ಮಾನ್‌ಲಿಂಗ್ ಬೇಗ ಬೇಗ ಅಗಿದಳು.

ಊಟವಾದ ಮೇಲೆ ಕೋಣೆ ತೋರಿಸಿದರು. ಗೋಡೆಗೆ ಹೊಸ ಸುಣ್ಣ. ಪ್ಲಾಸ್ಟರಿನ ಮಗುವನ್ನು ಒರಗಿಸಿ ಕೂರಿಸಲು ಬಟ್ಟೆ ತುಂಬಿ ಕೈಯಾರೆ ಹೊಲಿದ ಅರ್ಧಚಂದ್ರದ ದಿಂಬು. ಕಾಲಿನ ನಡುವಿನ ಕೋಲಿಗೆ ಜಾಗ ಬಿಟ್ಟು ಅಳತೆ ಹಿಡಿದು ಹೊಲಿದಿದ್ದರು. ಮಾನ್‌ಲಿಂಗ್ ಅದನ್ನು ಎತ್ತಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇಂಥ ಮನೆಯನ್ನು ಬೇಡ ಎನ್ನುವವಳು ಎಂಥ ತಾಯಿ? ಬಾಡಿಗೆಯಿಲ್ಲ, ಮೆಟ್ಟಿಲಿಲ್ಲ, ಬೇಯಿಸಿ ಹಾಕುವ ಕೈ, ರಾತ್ರಿ ಮಗು ಬೆಚ್ಚಿ ಎದ್ದರೆ ಎತ್ತಿಕೊಳ್ಳಲು ಇನ್ನೊಂದು ತೋಳು. ಅವಳು ಕಿವಿಗೊಟ್ಟಳು. ಗೋಡೆಯಾಚೆ ಗೋಡೆ ಗಡಿಯಾರ, ಅದರಾಚೆ ದೇವರಮನೆಯಲ್ಲಿ ಸಣ್ಣ ಪೆಟ್ಟಿಗೆಯೊಂದು ಬುದ್ಧನ ನಾಮವನ್ನು ತನ್ನಷ್ಟಕ್ಕೆ ಹಾಡುತ್ತಿತ್ತು, ಮತ್ತೆ ಮತ್ತೆ ಅದನ್ನೇ. ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕದಲ್ಲಿ ಮಲಗಿ ಅಂಥ ನಾಮವನ್ನು ಕೇಳಿಯೇ ಅವಳು ಬೆಳೆದದ್ದು. ಪೆಟ್ಟಿಗೆಗೆ ಉಸಿರು ತೆಗೆದುಕೊಳ್ಳಲು ಬಿಡುವು ಬೇಕಿಲ್ಲ, ಅಜ್ಜಿಗೆ ಬೇಕಿತ್ತು, ಆ ಬಿಡುವಿನಲ್ಲೇ ಅವಳಿಗೆ ನಿದ್ದೆ ಬರುತ್ತಿತ್ತು. ಮಂಚ ಕೋಣೆಯ ಒಳಮೂಲೆಯಲ್ಲಿತ್ತು, ಕಿಟಕಿಗೆ ದೂರ. ದೊಡ್ಡಮ್ಮ ಹಾಸಿಗೆಯ ಮೇಲಿನ ಸುಕ್ಕನ್ನು ಸವರಿ, ಮುಖದ ತುಂಬ ನಗುತ್ತ, "ನಿನ್ನದೇ ಮನೆ ಅನ್ಕೋ. ಏನು ಬೇಕಾದ್ರೂ ಮಾಡ್ಕೋ. ಮಂಚ ಮಾತ್ರ ಇದ್ದಲ್ಲೇ ಇರ್ಲಿ, ಆಯ್ತಾಮ್ಮ?" ಎಂದರು. ಬೋಯೆನ್ ಕಿಟಕಿಯ ಪರದೆಯ ಕೊಂಡಿಗಳನ್ನು ಎಣಿಸುವವನಂತೆ ಮೇಲೆ ನೋಡುತ್ತ ನಿಂತುಬಿಟ್ಟ.

ಆಗಲೇ ಯೂಯೂ ಬೆಚ್ಚಿ ಎದ್ದದ್ದು. ಮೊದಲ ಪ್ಲಾಸ್ಟರನ್ನು ಆಸ್ಪತ್ರೆಯಲ್ಲಿ ಗರಗಸದ ಯಂತ್ರದಿಂದ ಸೀಳಿ ತೆಗೆದ ದಿನದಿಂದ ಹೀಗೆ: ನಿದ್ದೆಯಿಂದ ಕೈಗಳನ್ನು ಗಾಳಿಗೆ ಎಸೆದು ಎದ್ದು, ಯಾರ ಮುಖವನ್ನೂ ಗುರುತಿಸದೆ ಕಿರುಚುವುದು. ದೊಡ್ಡಮ್ಮ ಮಗುವಿನ ಮೂಗಿನ ಮೇಲಿನ ಹಸಿರು ನರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಹೆದರಿದೆ. ಜೀವ ಇದರ ಹತ್ರ ಇಲ್ಲ, ಎಲ್ಲೋ ನಿಂತುಹೋಗಿದೆ. ನಡೀರಿ, ಗಲ್ಲಿ ತುದಿಗೆ ಹೋಗಿ ಕರೆಸ್ಕೊಂಡು ಬರೋಣ" ಎಂದರು. "ರೈಲಿಗೆ ಹೊತ್ತಾಗತ್ತೆ ದೊಡ್ಡಮ್ಮ" ಎಂದ ಬೋಯೆನ್. "ರೈಲು ನಾಳೇನೂ ಇರತ್ತೆ. ಜೀವ ನಿನಗಾಗಿ ನಾಳೆವರೆಗೂ ಕಾಯತ್ತಾ?"

ಗಲ್ಲಿಯ ತುದಿಯಲ್ಲಿ ಆಲದ ಮರದ ಬುಡಕ್ಕೆ ನೆಲದಜ್ಜನ ಗುಡಿ, ಒಂದು ಕಪಾಟಿನಷ್ಟು ದೊಡ್ಡದು. ಪ್ರತಿ ಕೇರಿಗೂ ಅವನದೊಂದು ಗುಡಿ. ಬಿಳಿ ಗಡ್ಡದ ಮುದುಕ, ತನ್ನ ಕೇರಿಗೆ ಯಾರು ಬಂದರು, ಯಾರು ಹೋದರು ಎಂದು ನೋಡಿಕೊಳ್ಳುವುದೇ ಅವನ ಕೆಲಸ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೆದರಿದ ಮಕ್ಕಳ ಜೀವ ಕರೆಯುವ ಸೂ ಅಜ್ಜಿ ಬೀಸಣಿಗೆ ಹಿಡಿದು ತೂಕಡಿಸುತ್ತಿದ್ದಳು. "ಯಾರ ಮಗು? ಹೋ, ಇದೇನು ಬಾಗಿಲಿಗೆ ಅಡ್ಡಪಟ್ಟಿ ಹೊಡೆದ ಹಾಗೆ!" ಎಂದು ಎದ್ದು ಸಣ್ಣ ಲೋಟಕ್ಕೆ ಅಕ್ಕಿ ತುಂಬಿ ಅಂಗೈಯಿಂದ ಸಮ ಮಾಡಿದಳು. ಬೋಯೆನ್ ಬಗ್ಗಿ ನೋಡಿ, "ಹಳೇ ಅಕ್ಕಿ. ನುಸಿ ಬಿದ್ದಿದೆ" ಎಂದ. "ನಿನಗೆ ಅನ್ನ ಮಾಡಿ ಹಾಕ್ತಿಲ್ಲ, ಸುಮ್ನಿರು" ಎಂದಳು ಅಜ್ಜಿ. "ಅಂಗಿ ಕೊಡಿ." ಮಾನ್‌ಲಿಂಗ್ ಚೀಲದಿಂದ ಮಡಿಸಿದ ಅಂಗಿ ತೆಗೆದುಕೊಟ್ಟಳು. ಅಜ್ಜಿ ಅದನ್ನು ಮೂಸಿ ಹಿಂದಕ್ಕೆ ಚಾಚಿದಳು. "ಒಗೆದದ್ದು! ಸೋಪಿನ ವಾಸನೆ ಹಿಡ್ಕೊಂಡು ಬರೋಕೆ ಜೀವ ಏನು ಅಗಸನ ಮನೇದಾ? ಮೈಮೇಲಿರೋದು ಬಿಚ್ಚಮ್ಮ." ದೊಡ್ಡಮ್ಮ ನಿಟ್ಟುಸಿರು ಬಿಟ್ಟರು, ಇದನ್ನೂ ಹೇಳಿಕೊಡಬೇಕೇ ಎನ್ನುವ ಹಾಗೆ. ಮಾನ್‌ಲಿಂಗ್‌ಗೆ ಗೊತ್ತಿತ್ತು. ಅವಳ ಸ್ವಂತ ಅಜ್ಜಿ ಅವಳ ಜೀವವನ್ನು ಹೀಗೆ ಎಷ್ಟು ಸಲ ಕರೆದಿರಲಿಲ್ಲ! ಮಗುವಿನ ವಾಸನೆಯ ಬಗ್ಗೆ ಬೆಳಗ್ಗೆ ಆದ ಅವಮಾನದ ಮೇಲೆ, ಇರುವುದರಲ್ಲಿ ಶುಭ್ರವಾದದ್ದೇ ಕೈಗೆ ಬಂದಿತ್ತು. ಬೀದಿಯಲ್ಲಿ ನಿಂತು ಮಗುವಿನ ಅಂಗಿ ಬಿಚ್ಚಿದಳು. ಪ್ಲಾಸ್ಟರಿನ ಮೇಲೆ ಸಣ್ಣ ಬರಿ ಎದೆ ಅಳುವಿಗೆ ಏರಿ ಇಳಿಯುತ್ತಿತ್ತು. ಹಾದುಹೋಗುವವರು ನೋಡಿ ಹೋದರು.

ಲೋಟಕ್ಕೆ ಅಂಗಿ ಸುತ್ತಿ, ಅದನ್ನು ಮಗುವಿನ ನೆತ್ತಿಯ ಮೇಲೆ, ಎದೆಯ ಮೇಲೆ ಆಡಿಸುತ್ತ ಅಜ್ಜಿ ಪದ ಎತ್ತಿಕೊಂಡಳು. ತೂಕಡಿಸುತ್ತಿದ್ದವಳ ದನಿ ಅದಲ್ಲ. ಮೂಡಣದ ದಾರಿಯಲ್ಲಿದ್ದರೆ ಬಾ, ಪಡುವಣದ ದಾರಿಯಲ್ಲಿದ್ದರೆ ಬಾ, ನೀರಿನ ಅಂಚಿಗೆ ನಿಲ್ಲಬೇಡ, ಮರದ ನೆರಳಿಗೆ ಕೂರಬೇಡ. ಮಾನ್‌ಲಿಂಗ್‌ಳ ಮೈ ತಾನಾಗಿ ಸಡಿಲವಾಯಿತು. ಮಾತು ಬೇರೆ, ನಡೆ ಅದೇ. ಅವಳ ಅಜ್ಜಿ ಹೊಸಲಿನ ಮೇಲೆ ನಿಂತು ಮುಸ್ಸಂಜೆಗೆ ಅಂಗಿ ಬೀಸಿ ಕರೆಯುತ್ತಿದ್ದಾಗ ಪದ ಹೀಗೇ ಸುತ್ತಿ ಸುತ್ತಿ ಇಳಿದು ಒಂದು ಕಡೆ ಬಂದು ನಿಲ್ಲುತ್ತಿತ್ತು; ಅಲ್ಲಿ ಊರು, ಕೇರಿ, ಬಾಗಿಲು ಹೇಳಬೇಕು. ಜೀವಕ್ಕೆ ಹೆಸರೊಂದೇ ಸಾಲದು. ಯಾವ ಬಾಗಿಲಿಗೆ ಬರಬೇಕೆಂದು ಗೊತ್ತಾಗಬೇಕು. 'ಕಾಲುವೆ ದಾಟಿ ಬಾ, ಸಕ್ಕರೆ ಕಾರ್ಖಾನೆಯ ಹಿಂದೆ ಬಾ, ನೀಲಿ ಬಾಗಿಲಿಗೆ ಬಾ'. ಹಾಸಿಗೆಯಲ್ಲಿ ಜ್ವರ ಬಂದು ಮಲಗಿ, ತನ್ನ ಮನೆಯ ಗುರುತು ಪದದೊಳಗೆ ಬಂದ ಕೂಡಲೇ ತಾನು ಬಂದು ಸೇರಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಈಗ ಸೂ ಅಜ್ಜಿಯ ಪದ ಸುತ್ತಿ ಬಂತು, ಇಳಿಯಿತು, ನಿಂತಿತು. "ಮನೆ ಎಲ್ಲಿ?" ಎಂದು ಅಜ್ಜಿ ಕಣ್ಣು ಬಿಡದೆ ಕೇಳಿದಳು.

ತೈತುಂಗ್ ಎಂದರೆ ಜೀವ ಬೆಟ್ಟಸಾಲು ದಾಟಿ, ಆ ಎಳೆದ ಮಂಚದ ಹತ್ತಿರ ಹೋಗಿ ಕಾಯುತ್ತ ನಿಂತುಬಿಡುತ್ತದೆ. ಅಲ್ಲಿ ಮಗುವಿಲ್ಲ. "ಇಲ್ಲೇ, ಇದೇ ಗಲ್ಲಿ" ಎನ್ನಲು ದೊಡ್ಡಮ್ಮ ಬಾಯಿ ತೆರೆದದ್ದನ್ನು ಅವಳು ಕಂಡಳು. ಬಾಯಿ ತೆರೆಯುವ ಮುಂಚಿನ ಸಣ್ಣ ಉಸಿರೂ ಅವಳಿಗೆ ಕೇಳಿಸಿತು. ಆ ಉಸಿರಿನೊಳಗೆ ಅವಳ ಒಂದು ವರ್ಷ ಇತ್ತು: ಮೀನಿನ ಕೆನ್ನೆ, ಅತ್ತೆಗೆ ದಿನದಿನದ ಫೋನು, ಇದ್ದಲ್ಲೇ ಇರಬೇಕಾದ ಮಂಚ. "ಯುಂಗ್‌ಹೋ" ಎಂದಳು ಮಾನ್‌ಲಿಂಗ್. ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಬಂತು. "ನದಿಯಾಚೆ. ಬಿದಿರುಕಟ್ಟೆ ಬೀದಿ, ಎರಡನೇ ಗಲ್ಲಿ."

ದೊಡ್ಡಮ್ಮನ ಬಾಯಿ ತೆರೆದದ್ದು ಹಾಗೇ ನಿಂತಿತು. ಬೋಯೆನ್ ಅವಳ ಕಡೆ ತಿರುಗಿದ. ಸೂ ಅಜ್ಜಿ ಮಾತ್ರ ಪದದ ಗುಂಗಿನಲ್ಲೇ ಇದ್ದು, "ಎಷ್ಟನೇ ಮಹಡಿ?" ಎಂದಳು. ಮಾನ್‌ಲಿಂಗ್ ಗುಡಿಯ ಕಡೆ ನೋಡಿದಳು. ತಾನು ಆರಿಸಿದ್ದು ಯಾರಿಗಾಗಿ? ಮಗುವಿಗಾಗಿ ಎಂದು ನೆಲದಜ್ಜನ ಮುಖ ನೋಡಿ ಹೇಳಬಲ್ಲಳೇ? ಗಾಳಿ ಬೇಕೆಂದು ಮಂಚ ಎಳೆದ ಅದೇ ಕೈ ಅಲ್ಲವೇ ಇದು, ಮತ್ತೆ ತನ್ನ ಸುಖಕ್ಕೆ ಮಗುವನ್ನು ಎಳೆಯುತ್ತಿರುವುದು? ಆಗ ದೊಡ್ಡಮ್ಮ, ಬೇರೆಡೆ ನೋಡುತ್ತ, ಗಟ್ಟಿ ದನಿಯಲ್ಲಿ, "ಮಹಡಿ ಹೇಳೇ. ಹೇಳ್ದಿದ್ರೆ ಕೆಳಗೆ ಸ್ಕೂಟರು ನಿಲ್ಸೋ ಜಾಗದಲ್ಲಿ ಅಲೀತಾ ಇರತ್ತೆ ಪಾಪ" ಎಂದರು. "ಐದು" ಎಂದಳು. "ಲಿಫ್ಟು ಇದ್ಯಾ?" ಎಂದರು ದೊಡ್ಡಮ್ಮ. "ಇಲ್ಲ." "ಇಲ್ವಂತೆ, ಸೂ ಅಕ್ಕ. ಹತ್ತಿಕೊಂಡೇ ಬರ್ಬೇಕು ಅಂತ ಸೇರಿಸಿ ಹೇಳು." ಅಜ್ಜಿ ಸೇರಿಸಿದಳು. ನದಿಯಾಚೆ ಬಾ, ಬಿದಿರುಕಟ್ಟೆಗೆ ಬಾ, ಐದು ಮಹಡಿ ಹತ್ತಿಕೊಂಡು ಬಾ. ಅದು ಪದದಲ್ಲಿ ಸೇರಿಹೋಯಿತು, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ. ಇನ್ನು ತೆಗೆಯಲು ಬರುವುದಿಲ್ಲ ಎಂದು ಮಾನ್‌ಲಿಂಗ್‌ಗೆ ಗೊತ್ತಾಯಿತು. ಯೂಯೂ ಅಳು ನಿಲ್ಲಿಸಿರಲಿಲ್ಲ. ಅಳುತ್ತಲೇ ಅಜ್ಜಿಯ ಬಾಯನ್ನು ನೋಡುತ್ತಿತ್ತು.

ಅಂಗಿ ಬಿಚ್ಚಿ ಅಕ್ಕಿಯ ಮೇಲ್ಮೈ ನೋಡಿದಾಗ ಒಂದು ಮಗ್ಗುಲಲ್ಲಿ ತಗ್ಗು ಬಿದ್ದಿತ್ತು. "ಸದ್ದಿಗೆ ಹೆದರಿದೆ" ಎಂದಳು ಅಜ್ಜಿ. ಯಾವ ಸದ್ದು ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲಿಲ್ಲ. "ಅಂಗಿ ಉಲ್ಟಾ ಇರೋ ಹಾಗೇ ತೊಡಿಸು. ಸೇತುವೆ ಮೇಲೆ ಹೆಸರು ಹಿಡಿದು ಕರೀತಾ ಹೋಗು, ಇಲ್ದಿದ್ರೆ ನೀರು ನೋಡಿ ನಿಂತುಬಿಡತ್ತೆ. ತಿರುಗಿ ನೋಡ್ಬೇಡ."

ಬಸ್ಸಿನ ನಿಲ್ದಾಣದವರೆಗೆ ಬೋಯೆನ್ ಚೀಲ ಹೊತ್ತು ಬಂದ. ಲಿಯಾವ್‌ಗೆ ಫೋನು ಮಾಡಿದ್ದೂ ಅವನೇ. ಇವತ್ತು ರಾತ್ರಿಯೇ ಬಂದುಬಿಡಿ ಎಂದಿದ್ದಳು, ಬೀಗ ತೆಗೆದೇ ಇರುತ್ತದೆಯಂತೆ. "ನನ್ನ ಹತ್ರ ಒಂದು ಮಾತೂ ಆಡ್ದೆ ದೇವರಿಗೆ ಹೇಳ್ಬಿಟ್ಟೆಯಲ್ಲ" ಎಂದ. "ನಿನಗೂ ಕೇಳಿಸೋ ಹಾಗೇ ಹೇಳ್ದೆ." ಅವನು ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡ. "ಮಂಚದ ಮಾತು ಬಂದಾಗ ನಾನು ಏನಾದ್ರೂ ಅನ್ಬೇಕಿತ್ತು" ಎಂದ ಕೊನೆಗೆ. ಮೇಲಿನವರೆಗೆ ಹತ್ತಿಸಿ ಹೋಗುತ್ತೇನೆ, ರೈಲು ತಪ್ಪಿದರೆ ತಪ್ಪಲಿ ಎಂದ. ಬೇಡ, ನಾಳೆಯಿಂದ ನಾನೇ ತಾನೆ, ಇವತ್ತಿನಿಂದಲೇ ಆಗಲಿ ಎಂದಳು. ದೊಡ್ಡಮ್ಮ ಹಿಂದಿನಿಂದ ಏದುಸಿರು ಬಿಡುತ್ತ ಬಂದು ಆ ಅರ್ಧಚಂದ್ರದ ದಿಂಬನ್ನು ಅವಳ ಕಂಕುಳಿಗೆ ತುರುಕಿದರು. "ಹೊಲಿದಾಗಿದೆ, ಇಟ್ಕೊಂಡು ನಾನೇನು ಮಾಡ್ಲಿ" ಎಂದು, ಅವಳ ಮುಖ ನೋಡದೆ ತಿರುಗಿ ನಡೆದರು.

ಬಸ್ಸು ಸೇತುವೆ ಹತ್ತಿತು. ಕೆಲಸ ಮುಗಿಸಿ ಮನೆಗೆ ಹೊರಟ ಜನ, ತರಕಾರಿ ಚೀಲ, ಶಾಲೆಯ ಹುಡುಗಿಯರು. ಅವಳು ತುಟಿಯಲ್ಲೇ ಕರೆದಳು. ಯೂಯೂ, ಬಾ. ಅದು ತನಗೇ ಕೇಳಿಸಲಿಲ್ಲ. ತನಗೆ ಕೇಳಿಸದ್ದು ಬೇರೆ ಯಾರಿಗೆ ಕೇಳಿಸೀತು? ಕೆಳಗೆ ನದಿ ತಗ್ಗಿನಲ್ಲಿ ಕಂದು ಬಣ್ಣಕ್ಕೆ ಹರಡಿಕೊಂಡಿತ್ತು. ನಿಂತು ನೋಡುವಂಥ ನೀರು. "ಯೂಯೂ, ಬಾ, ಮನೆಗೆ ಬಾ" ಎಂದಳು ಗಟ್ಟಿಯಾಗಿ. ಮುಂದಿನ ಸೀಟಿನ ಹುಡುಗಿ ತಿರುಗಿ, ತೋಳಿನಲ್ಲೇ ಇದ್ದ ಮಗುವನ್ನು ನೋಡಿ, ಮತ್ತೆ ಅವಳನ್ನು ನೋಡಿ, ಪಕ್ಕದವಳ ಮೊಣಕೈ ತಿವಿದಳು. ಮುಖ ಬಿಸಿಯಾಯಿತು. ಆದರೂ ಕರೆದಳು. ಕರೆಯುತ್ತ ಕರೆಯುತ್ತ ದನಿ ತನ್ನ ಅಜ್ಜಿಯ ನಡೆಗೆ ಬಿತ್ತು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಬಾಯಿಗೆ ತಾನಾಗಿ ಗೊತ್ತಾಯಿತು. ಆ ಬಿಡುವಿನಲ್ಲಿ ಯೂಯೂ ಒಂದು ಸಲ ಬಿಕ್ಕಿ ಸುಮ್ಮನಾಯಿತು. ಸೇತುವೆ ಮುಗಿಯಿತು. ಎಲ್ಲಿಯವರೆಗೆ ಕರೆಯಬೇಕೆಂದು ಸೂ ಅಜ್ಜಿ ಹೇಳಿರಲಿಲ್ಲ. ಬಸ್ಸಿಳಿದು, ಬಿದಿರುಕಟ್ಟೆ ಬೀದಿಯಲ್ಲಿ, ಕಸದ ಲಾರಿಗೆ ಚೀಲ ಹಿಡಿದು ಕಾಯುತ್ತಿದ್ದವರ ನಡುವೆಯೂ ಅವಳು ಕರೆಯುತ್ತಲೇ ನಡೆದಳು.

ಮೆಟ್ಟಿಲು ಹತ್ತಲು ಶುರುಮಾಡಿದಳು. ತಿರುವಿಗೊಂದು ಸಲ ಪ್ಲಾಸ್ಟರನ್ನು ಗೋಡೆಗೆ ಒರಗಿಸಿ ನಿಂತು, ಕರೆದು, ಮತ್ತೆ ಹತ್ತುತ್ತಿದ್ದಳು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಎಣ್ಣೆಯ ಕೈ ಒರೆಸಿಕೊಳ್ಳುತ್ತ ನಡುವಯಸ್ಸಿನ ಹೆಂಗಸೊಬ್ಬಳು ಇಣುಕಿದಳು. "ಯಾರನ್ನ ಕರೀತಿದ್ದೀಯಮ್ಮ?" ಕ್ಷಮಿಸಿ, ಇನ್ನು ಗಲಾಟೆ ಮಾಡುವುದಿಲ್ಲ ಎಂಬ ಮಾತು ದಿನವಿಡೀ ಇದ್ದ ಹಾಗೆ ನಾಲಗೆಯ ತುದಿಯಲ್ಲೇ ಇತ್ತು. "ಮಗಳನ್ನ" ಎಂದಳು ಮಾನ್‌ಲಿಂಗ್. ಹೆಂಗಸು ತೋಳಿನಲ್ಲಿ ನಿದ್ದೆ ಹೋಗಿದ್ದ ಮಗುವನ್ನು ನೋಡಿದಳು, ಉಲ್ಟಾ ತೊಡಿಸಿದ್ದ ಅಂಗಿಯನ್ನು ನೋಡಿದಳು. ಆಮೇಲೆ ಮಾನ್‌ಲಿಂಗ್‌ಳ ಭುಜದ ಮೇಲಿಂದ ಕೆಳಗೆ ಖಾಲಿ ಮೆಟ್ಟಿಲ ಕಡೆ ನೋಡಿ, ಬಗ್ಗಿ ತನ್ನ ಚಪ್ಪಲಿಯ ಗೂಡನ್ನು ಗೋಡೆಗೆ ಸರಿಸಿದಳು. ಮಾನ್‌ಲಿಂಗ್ ಹಾದುಹೋದ ಮೇಲೂ ಗೂಡನ್ನು ಹಾಗೇ ಹಿಡಿದುಕೊಂಡು, ಇನ್ನೊಬ್ಬರು ಹತ್ತಿ ಹೋಗುವಷ್ಟು ಹೊತ್ತು, ಬಾಗಿಲಿಗೆ ಅಂಟಿ ನಿಂತೇ ಇದ್ದಳು. ತಿರುಗಿ ನೋಡಬಾರದು ಎಂದಿದ್ದಳು ಸೂ ಅಜ್ಜಿ. ಮಾನ್‌ಲಿಂಗ್ ನೋಡಲಿಲ್ಲ, ಕಿವಿಗೊಡುತ್ತ ಹತ್ತಿದಳು.